ಮೈಲಿಗಲ್ಲಿನ ನೆರಳು

ಹೋದ ದೀಪಾವಳಿಗೆ ರಸ್ತೆಬದಿಯಲ್ಲಿ ನೆಟ್ಟ ಮೈಲಿಗಲ್ಲೊಂದರ ಉತ್ತರದ ಬುಡದಲ್ಲಿ ಬಸವನಹುಳು ಬಿಡಾರ ಹೂಡಿತ್ತು. ಚಳಿಗಾಲದ ನಡುಮಧ್ಯಾಹ್ನದಲ್ಲೂ ಅಲ್ಲಿ ಮೊಳದುದ್ದ ನೆರಳಿರುತ್ತಿತ್ತು. ಶಿವರಾತ್ರಿ ಕಳೆದ ಮೇಲೆ ಅದು ಗೇಣಾಯಿತು, ಯುಗಾದಿಗೆ ಅರ್ಧ ಗೇಣಾಯಿತು. ಹುಳು ದಿಗಿಲಿನಿಂದ ಕೇಳಿತು:

"ಕಲ್ಲಣ್ಣಾ, ನಿನ್ನ ನೆರಳು ಸವೆಯುತ್ತಿದೆಯಲ್ಲ?"

"ಪುಕ್ಕಲ! ನೆಟ್ಟಂದಿನಿಂದ ನಾನು ಕೂದಲೆಳೆಯಷ್ಟೂ ಅಲ್ಲಾಡಿಲ್ಲ. ನನ್ನ ನೆರಳು ಎಲ್ಲಿಗೆ ಹೋದೀತು?"

ಚಳಿಗೆ ಬಂದು, ಈಗ ಬಡಗಣ ನಾಡಿಗೆ ಮರಳುತ್ತಿದ್ದ, ಬಾಲ ಕುಣಿಸುವ ಕುಂಡೆಕುಸ್ಕ ಹಕ್ಕಿ ಇದನ್ನು ಕೇಳಿಸಿಕೊಂಡಿತು.

"ನಮ್ಮಲ್ಲಿ ಸೂರ್ಯ ಎಂದೂ ನೆತ್ತಿಗೇರುವುದಿಲ್ಲ, ನಡುಹಗಲ ನೆರಳು ವರ್ಷವಿಡೀ ಬಡಗಕ್ಕೇ ಬೀಳುತ್ತದೆ. ಇಲ್ಲಿ ಹಾಗಲ್ಲ ಮಾರಾಯ. ಅವನು ನೆತ್ತಿಗೂ ಬರುತ್ತಾನೆ, ನೆತ್ತಿ ದಾಟಿ ಬಡಗಕ್ಕೂ ಹೋಗುತ್ತಾನೆ. ಇಬ್ಬನಿ ಆರುವ ಮೊದಲು ಬಯಲಾಚೆಯ ಆ ಪೊದೆಬೇಲಿ ಸೇರಿಕೋ."

ಹುಳುವಿಗೆ ಬಯಲು ದಾಟಲೂ ಭಯ, ಉಳಿಯಲೂ ಭಯ. ಮೂರು ದಿನ ಒದ್ದಾಡಿ, ನಾಲ್ಕನೆಯ ಮುಂಜಾನೆ ಹೊರಟಿತು. ಕಲ್ಲು ನಕ್ಕಿತು.

ತಿಂಗಳು ಕಳೆದು ಒಂದು ಮಧ್ಯಾಹ್ನ ಕಲ್ಲು ಕಿರುಚಿತು: "ಹುಳುವೇ, ನಾನು ಅಲ್ಲಾಡಿಲ್ಲ! ನನ್ನ ನೆರಳೆಲ್ಲಿ? ನಿನ್ನ ಹಿಂದೆ ಬಂತೇ?"

ಬೇಲಿಯ ಬುಡದಲ್ಲಿ ಮುದುಡಿದ್ದ ಹುಳು ಒಂದೇ ಕೊಂಬು ಹೊರಚಾಚಿ ಬೇಲಿಯ ನೆರಳನ್ನು ಅಳೆಯುತ್ತಿತ್ತು.