ಅಳಿಯನ ಪಾಲಿನ ತೊಡೆ

ಯುಗಾದಿಯ ಹೊಸತೊಡಕಿನ ಮರುದಿನ ನಿಂಗಾಜಮ್ಮನ ಅಡುಗೆಮನೆಯಲ್ಲಿ ಉಳಿದದ್ದು ಪಾತ್ರೆಯ ತಳದ ಕೋಳಿಸಾರು, ಮತ್ತು ಹಬ್ಬಕ್ಕೆ ಬರಲಾಗದ ಅಳಿಯನಿಗೆಂದು ಫ್ರಿಜ್ಜಿನಲ್ಲಿ ಎತ್ತಿಟ್ಟ ಒಂದು ತೊಡೆ.

ಫ್ರಿಜ್ಜಿನ ಬಾಗಿಲು ತೆರೆದಾಗ ಸಾರು ಕರೆಯಿತು: "ಇಳಿದು ಬಾರಯ್ಯ, ಒಟ್ಟಿಗೆ ಬಿಸಿಯಾಗೋಣ."

"ಕತ್ತು, ಬೆನ್ನುಮೂಳೆಗಳ ಜೊತೆಗೆ? ನಾನು ಅಳಿಯಂದಿರ ಪಾಲು," ಎಂದಿತು ತೊಡೆ.

ಸಾರು ಬೆಳಿಗ್ಗೆ ಕುದಿಯಿತು, ಸಂಜೆಯೂ ಕುದಿಯಿತು. ಕುದಿದಷ್ಟೂ ಗಟ್ಟಿಯಾಗಿ ಘಮಗುಟ್ಟಿತು. ತೊಡೆ ಗೌರವದಿಂದ ಒಣಗಿತು.

ಕೊನೆಗೂ ಅಳಿಯ ಬಂದ. ತಟ್ಟೆಗೆ ಬಿದ್ದ ತೊಡೆಯನ್ನು ಬೆರಳಲ್ಲಿ ಒತ್ತಿ ನೋಡಿ, "ಇದನ್ನು ನಾಯಿಗೆ ಹಾಕಿ ಅತ್ತೆ. ಒಲೆಯ ಮೇಲೆ ಘಮಘಮ ಅನ್ನುತ್ತಿದೆಯಲ್ಲ, ಅದೇನು?" ಎಂದ.

ಬಾಗಿಲಲ್ಲಿ ನಾಯಿ ಆಗಲೇ ಬಾಲ ಅಲ್ಲಾಡಿಸುತ್ತಿತ್ತು. ತೊಡೆ ಅದನ್ನು ನೋಡಿತು.

"ಸಾರಣ್ಣ, ಇನ್ನೂ ಜಾಗವಿದೆಯೇ?"

"ಜಾಗಕ್ಕೇನು ಬರ? ಘನತೆಯನ್ನು ಹೊರಗೆ ಬಿಟ್ಟು ಬಾ."

ಎಸೆಯಲು ಮನಸ್ಸಾಗದ ನಿಂಗಾಜಮ್ಮ ತೊಡೆಯನ್ನು ಎಳೆ ಎಳೆಯಾಗಿ ಬಿಡಿಸಿ ಸಾರಿಗೆ ಸುರಿದಳು. ಅದು ಕುದಿದು ಮೆತ್ತಗಾಯಿತು. ಅಳಿಯ ಕೊನೆಯ ದೋಸೆಯಲ್ಲಿ ಪಾತ್ರೆಯ ತಳವನ್ನೇ ಒರೆಸಿ ತಿಂದ. ಯಾವ ಚೂರು ಯಾರ ಪಾಲಿನದೆಂದು ಕೇಳಲಿಲ್ಲ.

ನಾಯಿಗೆ ಮೂಳೆ ಸಿಕ್ಕಿತು. ಅದು ಅಳಿಯಂದಿರ ಮೂಳೆಯೆಂದು ಯಾರೂ ಹೇಳಲಿಲ್ಲವಾದ್ದರಿಂದ, ನಾಯಿಯೂ ಸಂತೋಷವಾಗಿಯೇ ಕಡಿಯಿತು.