ಮಸುಕಿನಲ್ಲಿ ನಿಂತವನು

"ಮೇಷ್ಟ್ರೇ, ಹನಿಯ ಹಿಂದೆ ಇನ್ನೂ ಕಸ ಕಾಣಿಸುತ್ತಿದೆ. ಅದನ್ನು ಪೂರ್ತಿ ಅಳಿಸುವುದು ಹೇಗೆ?"

ಕೇಳಿದವಳು ಮಮತಾ. ಪಿಳ್ಳಪ್ಪ ಮೇಷ್ಟ್ರ ಬಳಿ ಫೋಟೋ ತೆಗೆಯುವುದನ್ನು ಕಲಿಯುತ್ತಿದ್ದಳು. ಅವಳು ಮುಂದಿಟ್ಟ ಚಿತ್ರದಲ್ಲಿ ಬೀದಿ ನಲ್ಲಿಯ ತುದಿಗೆ ಒಂದು ಹನಿ ತೂಗುತ್ತಿತ್ತು. ಅದರ ಹಿಂದೆ ನೀಲಿ, ಹಸಿರು, ಕಿತ್ತಳೆ ಬಣ್ಣದ ಮಚ್ಚೆಗಳಿದ್ದವು.

ಮೇಷ್ಟ್ರು ಅದನ್ನು ನೋಡಿ ಹೇಳಿದರು: "ಒಬ್ಬ ಫೋಟೋಗ್ರಾಫರ್ ಒಬ್ಬ ಮನುಷ್ಯನ ಸಾಕ್ಷಿಯನ್ನು ಅಳಿಸಿಹಾಕಿದ. ಅಂದಕ್ಕಾಗಿ ಅಳಿಸಿದ. ಅವನ ಕತೆ ಕೇಳು. ಅಳಿಸುವುದು ಹೇಗೆ ಎಂಬುದೂ ಅದರಲ್ಲೇ ಇದೆ."

ಆ ಫೋಟೋಗ್ರಾಫರ್ ಒಂದು ದಿನ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಗೆ ಹೋದ. ಅಲ್ಲಿ ಒಬ್ಬ ಹೆಂಗಸು ಬಿಸಿನೀರಿನಲ್ಲಿ ಬೆರಳು ಅದ್ದಿ, ಬೆಂದ ಗೂಡಿನಿಂದ ಎಳೆ ಹುಡುಕಿ ತೆಗೆಯುತ್ತಿದ್ದಳು. ಬೆರಳ ತುದಿ ಬೆಳ್ಳಗೆ ಸುಕ್ಕುಗಟ್ಟಿತ್ತು. ಸುಕ್ಕಿನ ಮೇಲೆ ಒಂದೇ ಒಂದು ಎಳೆ ಹೊಳೆಯುತ್ತಿತ್ತು. ಅವನಿಗೆ ಬೇಕಾದದ್ದು ಅಷ್ಟೇ.

ಅವಳ ಗಂಡ ಅದೇ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಹೆಗಲ ಮೇಲೆ ಕೆಂಪು ಟವೆಲ್ಲು. ಅವನು ಮೆಲ್ಲಗೆ ಪಕ್ಕಕ್ಕೆ ಬಂದ.

"ಅಣ್ಣಾ, ಆ ಬಾಯ್ಲರಿಂದೂ ಒಂದು ಫೋಟೋ ಹಿಡೀರಿ. ಅದರ ಮೇಲಿರೋದು ಹಬೆ ಜಾಸ್ತಿಯಾದ್ರೆ ತಾನಾಗೇ ತೆರ್ಕೊಳ್ಳೋ ವಾಲ್ವು. ಹಬೆ ಹೊರಗೆ ಹೋದ್ರೆ ಸೌದೆ ದಂಡ ಅಂತ ಮಾಲೀಕರು ಆ ವಾಲ್ವಿನ ಮೇಲೆ ಕಲ್ಲು ಹೇರಿ ತಂತಿ ಬಿಗಿಸವ್ರೆ."

"ಅದನ್ನ ನೀವೇ ಯಾರಿಗಾದ್ರೂ ಹೇಳಿ."

"ನಾನು ಹೇಳಿದ್ರೆ ನನ್ನ ಕೆಲಸ ಹೋಗ್ತದೆ, ಇವಳದ್ದೂ ಹೋಗ್ತದೆ. ಫೋಟೋ ಹೇಳಿದ್ರೆ ಫೋಟೋನ ಯಾರು ಕೆಲಸದಿಂದ ತೆಗೀತಾರೆ?"

ಫೋಟೋಗ್ರಾಫರ್ ನಕ್ಕ. "ಆಯ್ತು, ಆ ಕಡೆ ಹೋಗಿ ನಿಂತ್ಕೊಳ್ಳಿ. ಬೆಳಕಿಗೆ ಅಡ್ಡ ಬರಬೇಡಿ."

ಬಾಯ್ಲರ್ ಅವಳ ಬೆನ್ನ ಹಿಂದೆಯೇ, ಹತ್ತು ಹೆಜ್ಜೆ ದೂರದಲ್ಲಿತ್ತು. ಫೋಟೋಗ್ರಾಫರ್ ಬೆರಳಿಗೆ ಒಂದು ಗೇಣು ಹತ್ತಿರ ಹೋದ. ಲೆನ್ಸಿನ ಬಾಯಿ ಪೂರ್ತಿ ತೆರೆದ. ಹತ್ತಿರ ಹೋದಷ್ಟೂ, ಬಾಯಿ ತೆರೆದಷ್ಟೂ, ಸ್ಪಷ್ಟವಾಗಿ ಕಾಣುವ ಪದರ ತೆಳುವಾಗುತ್ತದೆ. ಕೊನೆಗೆ ಅದು ಅಕ್ಕಿಕಾಳಿನ ದಪ್ಪಕ್ಕೆ ಬಂದಿತು. ಉಸಿರು ಬಿಟ್ಟರೂ ಎಳೆ ಫೋಕಸ್ಸಿನಿಂದ ಜಾರುತ್ತಿತ್ತು. ಅವನು ಉಸಿರು ಬಿಗಿಹಿಡಿದ. ಹಿಂದೆ ಒಂದು ಕೆಂಪು ಕಲೆ ಬಂದು ನಿಂತಿತು. ಬಣ್ಣ ಚೆನ್ನಾಗಿ ಕೂತಿತು ಎಂದುಕೊಂಡು ಒತ್ತಿದ.

ಆ ಕೆಂಪು ಕಲೆ ಬಾಯ್ಲರಿನವನ ಟವೆಲ್ಲು. ಕ್ಯಾಮೆರಾ ತನ್ನ ಕಡೆ ತಿರುಗಿದ್ದನ್ನು ಕಂಡು ಅವನು ಬಾಯ್ಲರಿನ ಪಕ್ಕ ನೆಟ್ಟಗೆ ನಿಂತಿದ್ದ. ಕೈ ಎತ್ತಿ ಕಲ್ಲನ್ನು ತೋರಿಸುತ್ತಿದ್ದ. ಕ್ಲಿಕ್ ಸದ್ದು ಕೇಳಿದ ಮೇಲೆಯೇ ಕೈ ಇಳಿಸಿದ. ಅಂದು ಮನೆಗೆ ಹೋಗುವ ದಾರಿಯಲ್ಲಿ ಹೆಂಡತಿಗೆ ಹೇಳಿದ: "ಎಲ್ಲಾ ಫೋಟೋದಲ್ಲಿ ಬಂದೈತೆ. ಇನ್ನು ಯಾರಾದ್ರೂ ನೋಡ್ತಾರೆ ಬಿಡು."

ಬಹಳ ಜನ ನೋಡಿದರು. ಚಿತ್ರಕ್ಕೆ ಬಹುಮಾನ ಬಂದಿತು. ಎಳೆ ಎಷ್ಟು ಸೂಕ್ಷ್ಮ, ಮಸುಕು ಎಷ್ಟು ಮೃದು ಎಂದು ಹೊಗಳಿದರು. ಕಾರ್ಖಾನೆಯ ಮಾಲೀಕ ಅದರ ದೊಡ್ಡ ಪ್ರತಿ ಮಾಡಿಸಿ ತನ್ನ ಕೋಣೆಯಲ್ಲಿ ತೂಗುಹಾಕಿಕೊಂಡ. ಅವನಿಗೆ ಅದು ಬಹಳ ಹಿಡಿಸಿತು. ಹಿಡಿಸದೆ ಏನು?

ನಾಲ್ಕನೆಯ ತಿಂಗಳು ಒಂದು ನಸುಕಿನಲ್ಲಿ, ಉಳಿದವರು ಕೆಲಸಕ್ಕೆ ಬರುವ ಮೊದಲೇ, ಬಾಯ್ಲರ್ ಸಿಡಿಯಿತು. ಅದನ್ನು ನೋಡಿಕೊಳ್ಳುತ್ತಿದ್ದವನು ಅಲ್ಲೇ ಸತ್ತ. ತನಿಖೆಗೆ ಜನ ಬರುವಷ್ಟರಲ್ಲಿ ಕಲ್ಲೂ ಇರಲಿಲ್ಲ, ತಂತಿಯೂ ಇರಲಿಲ್ಲ. ಕುಡಿದು ಮಲಗಿದ್ದ, ವಾಲ್ವು ನೋಡಲಿಲ್ಲ ಎಂದು ಮಾಲೀಕ ಬರೆಸಿದ. ಜೀವಮಾನದಲ್ಲಿ ಹೆಂಡ ಮುಟ್ಟದವನ ಹೆಸರಿನ ಮುಂದೆ ಹಾಗೆ ಬರೆದರು. ಜೊತೆಗಾರರು ಕೆಲಸದ ಭಯಕ್ಕೆ ತಲೆ ತಗ್ಗಿಸಿದರು. ಹೆಂಡತಿಯ ಮಾತನ್ನು ಹೆಂಡತಿಯ ಮಾತು ಎಂದು ಬದಿಗಿಟ್ಟರು.

ಅವಳು ಫೋಟೋಗ್ರಾಫರನ ಅಂಗಡಿ ಹುಡುಕಿಕೊಂಡು ಬಂದಳು.

"ಅಣ್ಣಾ, ಅವತ್ತಿಂದು ಫೋಟೋ ಕೊಡಿ. ಅವರು ಕಲ್ಲು ತೋರಿಸ್ತಾ ನಿಂತಿದ್ರಲ್ಲ, ಅದು. ಅದೊಂದು ತೋರಿಸಿದ್ರೆ ಸಾಕು, ಕುಡುಕ ಅನ್ನೋದನ್ನ ಅಳಿಸ್ತಾರೆ."

ಅವನು ಚಿತ್ರ ತಂದು ಮೇಜಿನ ಮೇಲಿಟ್ಟ. ಅವಳು ತನ್ನ ಬೆರಳನ್ನು ನೋಡಲೇ ಇಲ್ಲ. ಹಿಂದಿನ ಮಂಜಿನಲ್ಲಿ ಹುಡುಕಿದಳು. ಕೆಂಪು ಕಲೆಯ ಮೇಲೆ ಕೈಯಿಟ್ಟಳು.

"ಇದು ಅವರ ಟವೆಲ್ಲು. ಹಾಗಾದ್ರೆ ಮುಖ ಇಲ್ಲೇ ಮೇಲೆ ಇರಬೇಕು. ಕೈ ಇಲ್ಲಿ. ಸ್ವಲ್ಪ ಒರೆಸಿ ಸರಿಮಾಡಿ ಕೊಡಿ ಅಣ್ಣಾ."

ಅವನು ಎರಡು ದಿನ ಕೂತು ಪ್ರಯತ್ನಿಸಿದ. ದೊಡ್ಡದು ಮಾಡಿದಷ್ಟೂ ಕಲೆ ಹರಡಿತು. ಮುಖವೂ ಬರಲಿಲ್ಲ, ಕಲ್ಲೂ ಬರಲಿಲ್ಲ. ತೆಗೆಯುವಾಗ ಬಿಟ್ಟದ್ದು ಆಮೇಲೆ ಎಲ್ಲಿಂದ ಬರಬೇಕು? ಅಂದು ಬೇಕಿದ್ದದ್ದು ಎರಡು ಹೆಜ್ಜೆ ಹಿಂದೆ ಸರಿಯುವುದು, ಲೆನ್ಸಿನ ಉಂಗುರ ತಿರುಗಿಸಿ ಬಾಯಿ ಕಿರಿದು ಮಾಡುವುದು, ಇನ್ನೊಂದು ಸಲ ಒತ್ತುವುದು. ಎಳೆಯ ಚಿತ್ರ ಎಲ್ಲಿಗೂ ಓಡಿಹೋಗುತ್ತಿರಲಿಲ್ಲ. ಎರಡೂ ಸಿಗುತ್ತಿದ್ದವು.

ಮೂರನೆಯ ದಿನ ಅವಳು ಬಂದಾಗ ಅವನು ಆಗಲಿಲ್ಲ ಎಂದ. ಅವಳು ಬೈಯಲಿಲ್ಲ. "ಫೋಟೋ ಬಂದಿದೆ ಅಂತ ಅವರು ಸುಮ್ಮನಿದ್ದುಬಿಟ್ರು" ಎಂದಷ್ಟೇ ಹೇಳಿ ಹೊರಟಳು. ಹೋಗುವಾಗ ಆ ಚಿತ್ರವನ್ನೇ ಕೇಳಿ ತೆಗೆದುಕೊಂಡು ಹೋದಳು. ಅವಳ ಗಂಡ ಇದ್ದ ಫೋಟೋ ಅದೊಂದೇ.

ಮೇಷ್ಟ್ರು ಕತೆ ನಿಲ್ಲಿಸಿ, ಮಮತಾಳ ಚಿತ್ರವನ್ನು ಅವಳ ಕಡೆ ತಿರುಗಿಸಿದರು.

"ಹನಿಯ ಹಿಂದೆ ಇರುವುದು ಏನು?"

"ಕೊಡಗಳು, ಮೇಷ್ಟ್ರೇ. ನೀರಿಗೆ ನಿಂತವರ ಸಾಲು."

"ಎಷ್ಟು ಹೊತ್ತಿನಿಂದ ನಿಂತಿದ್ದರು?"

"ಅದನ್ನು ನಾನು ಕೇಳಲಿಲ್ಲ, ಮೇಷ್ಟ್ರೇ."

"ಏಳು, ಆ ನಲ್ಲಿಯ ಹತ್ತಿರ ವಾಪಸು ಹೋಗು, ಒಬ್ಬೊಬ್ಬರನ್ನೂ ಕೇಳು, ಎರಡು ಹೆಜ್ಜೆ ಹಿಂದೆ ಸರಿದು ಇನ್ನೊಂದು ಚಿತ್ರ ತೆಗೆದುಕೊಂಡು ಬಾ."