ಸುಡದ ಕೈಗೆ ನೀರು

"ಬುದ್ಧೀ, ಸುಡದ ಕೈಗೆ ನೀರು ಹೊಯ್ಯುವುದು ಯಾವ ಸೀಮೆಯ ವಿದ್ಯೆ?" ಎಂದು ಮಠದ ಅಡುಗೆಮನೆಯ ಶಿಷ್ಯನೊಬ್ಬ ಗುರುಗಳನ್ನು ಕೇಳಿದ.

ಕೇಳಲು ಕಾರಣವಿತ್ತು. ದಾಸೋಹದ ಅಡುಗೆಮನೆಯಲ್ಲಿ ದೊಡ್ಡ ದೊಡ್ಡ ಹಂಡೆಗಳಲ್ಲಿ ಸಾರು ಕುದಿಯುತ್ತದೆ. ಅಲ್ಲಿ ದುಡಿಯುವವರು ಪ್ರತಿ ಸೋಮವಾರ ಬೆಳಿಗ್ಗೆ ತಮ್ಮಲ್ಲೊಬ್ಬನನ್ನು ಸುಟ್ಟುಕೊಂಡವನೆಂದು ಕೂರಿಸಿ, ಅವನ ಕೈಗೆ ಇಪ್ಪತ್ತು ನಿಮಿಷ ತಣ್ಣೀರು ಹೊಯ್ಯಬೇಕೆಂದು ಗುರುಗಳು ಕಟ್ಟು ಮಾಡಿದ್ದರು. ಆ ಸೋಮವಾರ ಕೂತವನು ಈ ಶಿಷ್ಯನೇ. ಅವನಿಗೆ ಶೀತ ಹಿಡಿದಿತ್ತು.

"ಏನೇ ಆದರೂ ನೀವಿದ್ದೀರಿ. ಎಲ್ಲ ಬಲ್ಲವರು. ಆ ಹೊತ್ತಿಗೆ ನೀವು ಹೇಳಿದರೆ ನಾವು ಮಾಡುವುದಿಲ್ಲವೇ? ನಿಮ್ಮ ಮಾತನ್ನು ನಾನು ಯಾವತ್ತಾದರೂ ಮೀರಿದ್ದೇನೆಯೇ?" ಎಂದು ಅವನು ಸೀನಿದ.

ಗುರುಗಳು ಅವನಿಗೊಂದು ಒಣ ಟವೆಲ್ಲು ಕೊಟ್ಟು, ಕತೆ ಹೇಳಿದರು.

ಒಂದು ಊರಿನಲ್ಲಿ ಒಂದು ಆಲೆಮನೆ ಇತ್ತು. ಅದರ ಯಜಮಾನ ಬೆಲ್ಲದ ಪಾಕ ನೋಡುವುದರಲ್ಲಿ ಎತ್ತಿದ ಕೈ. ಕೊಪ್ಪರಿಗೆಯಲ್ಲಿ ಕುದಿಯುವ ಪಾಕದ ಒಂದು ತೊಟ್ಟನ್ನು ನೀರಿಗೆ ಬಿಟ್ಟು, ಎರಡು ಬೆರಳ ನಡುವೆ ಉರುಳಿಸಿ ನೋಡಿ, "ಇಳಿಸಿ" ಎನ್ನುವನು. ಅರೆಗಳಿಗೆ ಮೊದಲಾದರೆ ಬೆಲ್ಲ ಅಚ್ಚಿನಲ್ಲಿ ನಿಲ್ಲದು. ಅರೆಗಳಿಗೆ ತಡವಾದರೆ ಕರಕು. ಹತ್ತು ಮನೆಯ ಒಲೆ ಉರಿಯುತ್ತಿದ್ದುದು ಆ ಎರಡು ಬೆರಳನ್ನು ನಂಬಿ.

ಒಂದು ವರ್ಷ ಅಲ್ಲಿನ ಆಳೊಬ್ಬನ ಕೈ ಬೆಂದಿತು. ಒಬ್ಬ ಸುಣ್ಣ ಬಳಿದ, ಇನ್ನೊಬ್ಬ ಬೆಣ್ಣೆ ಸವರಿದ. ಗಾಯ ಕೀವಾಯಿತು. ವಾಸಿಯಾಗುವಷ್ಟರಲ್ಲಿ ಬೆರಳುಗಳು ಅಂಗೈಗೆ ಅಂಟಿಕೊಂಡು ಹಕ್ಕಿಯ ಉಗುರಿನಂತಾದವು. ಯಜಮಾನನ ಮನಸ್ಸಿಗೆ ಅದು ನಾಟಿತು. ಪಟ್ಟಣದ ಸುಟ್ಟಗಾಯದ ಆಸ್ಪತ್ರೆಗೆ ಹೋಗಿ ಮೂರು ದಿನ ಕೂತು ಕಲಿತು ಬಂದ. ಬಂದವನೇ ಆಳುಗಳನ್ನೆಲ್ಲ ಕರೆದು, "ಇವತ್ತು ಒಬ್ಬರು ಸುಟ್ಟುಕೊಂಡ ಹಾಗೆ ನಟಿಸಬೇಕು" ಎಂದ.

ಒಲೆಗೆ ಕಬ್ಬಿನ ಸಿಪ್ಪೆ ಒಡ್ಡುವ ದ್ಯಾವೀರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು. ಊರಿನವರ ನಡಿಗೆಯೆಲ್ಲ ಅವಳ ಕಾಲಲ್ಲಿತ್ತು, ಊರಿನವರ ದನಿಯೆಲ್ಲ ಅವಳ ಗಂಟಲಲ್ಲಿತ್ತು. "ಅಯ್ಯಯ್ಯೋ ಬೆಂದೆ!" ಎಂದು ಅವಳು ಬಿದ್ದ ರಭಸಕ್ಕೆ ಗಾಣದ ಎತ್ತು ಬೆದರಿತು. ಒಬ್ಬ ಸುಣ್ಣಕ್ಕೆ ಓಡಿದ. ಒಬ್ಬ ಬೆಣ್ಣೆಗೆ ಓಡಿದ. ನೀರಿಗೆ ಓಡಿದ ಇಬ್ಬರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು ಬಿಂದಿಗೆ ಒಡೆದರು. ಅವಳ ಹತ್ತಿರ ಮಾತ್ರ ಯಾರೂ ಇಲ್ಲ. ಅವಳು ಅಳುವುದನ್ನು ನಿಲ್ಲಿಸಿ, "ನಾನು ಸತ್ತೆ ಕಣ್ರಪ್ಪಾ. ತಿಥಿ ಊಟಕ್ಕಾದರೂ ನೆಟ್ಟಗೆ ಬನ್ನಿ" ಎಂದಳು.

ಎಲ್ಲರೂ ನಕ್ಕರು. ಯಜಮಾನ ನಗಲಿಲ್ಲ. ಅಂದಿನಿಂದ ಒಬ್ಬೊಬ್ಬರಿಗೆ ಒಂದೊಂದು ಕೆಲಸ ಹಂಚಿದ. ಒಬ್ಬ ನೀರು ಹೊಯ್ಯಬೇಕು. ಒಬ್ಬ ಬಳೆ ಉಂಗುರ ಕಳಚಬೇಕು, ಕೈ ಊದಿದ ಮೇಲೆ ಅವು ಬರಲಾರವು. ಒಬ್ಬ ಒಗೆದ ಬಟ್ಟೆ ಹಿಡಿದು ನಿಲ್ಲಬೇಕು. ಒಬ್ಬ ಗಾಡಿ ಹೊರಡಿಸಬೇಕು. ನೀರು ಎಷ್ಟು ಹೊತ್ತು ಎಂದರೆ, ದ್ಯಾವೀರಮ್ಮನಿಗೆ ಬರುವ ರಾಗಿ ಬೀಸುವ ಪದ ಮುಗಿಯುವವರೆಗೆ. ಆ ಪದದ ಕೊನೆ ಕೇಳಿದವರು ಊರಿನಲ್ಲಿ ಯಾರೂ ಇರಲಿಲ್ಲ, ನಡುವೆಯೇ ಎದ್ದು ಹೋಗುತ್ತಿದ್ದರು. ಗಡಿಯಾರ ಹಿಡಿದು ನೋಡಿದರೆ ಸರಿಯಾಗಿ ಇಪ್ಪತ್ತು ನಿಮಿಷ.

"ಬೆಂದವನು ಏನು ಬೇಡಿದರೂ ಕೊಡಬೇಡಿ. ನೀರೊಂದೇ" ಎಂದು ಯಜಮಾನ ಪ್ರತಿ ಸಲವೂ ಹೇಳುವನು. ದ್ಯಾವೀರಮ್ಮ ಪ್ರತಿ ಸಲವೂ ಯಜಮಾನನ ದನಿಯಲ್ಲೇ, "ಬಿಡಮ್ಮಿ ಕೈಯ! ನಾನ್ಯಾರು ಗೊತ್ತಾ? ಸುಣ್ಣ ತತ್ತಾ!" ಎಂದು ಕಿರುಚುವಳು. ಆಮೇಲಾಮೇಲೆ ಯಜಮಾನನಿಗೂ ನಗು ಬರತೊಡಗಿತು.

ಒಂದು ಮಧ್ಯಾಹ್ನ ಕೊಪ್ಪರಿಗೆ ಇಳಿಸುವಾಗ ಕೊಂಡಿ ಜಾರಿತು. ಪಾಕ ಚೆಲ್ಲಿತು. ಬೆಂದದ್ದು ಯಜಮಾನನ ಬಲಗೈ.

"ಸುಣ್ಣ! ಸುಣ್ಣ ತತ್ತಾ!" ಎಂದು ಅವನು ಕೂಗಿದ.

ಒಬ್ಬ ಸುಣ್ಣಕ್ಕೆ ಹೊರಟೇಬಿಟ್ಟ. ಹೇಳಿದವನು ಯಜಮಾನ ತಾನೇ? ದ್ಯಾವೀರಮ್ಮನ ಕಾಲೂ ಒಂದು ಹೆಜ್ಜೆ ಅತ್ತಲೇ ಎದ್ದಿತು. ಆಗ ಅವಳಿಗೆ ತಟ್ಟನೆ ಹೊಳೆಯಿತು. ಇದು ತನ್ನದೇ ಮಾತು. ತಾನು ತಮಾಷೆಗೆ ಆಡಿದ್ದನ್ನು ಅವನು ಅಕ್ಷರ ಬಿಡದೆ ಆಡುತ್ತಿದ್ದಾನೆ. ಅವಳು ಅವನ ರಟ್ಟೆ ಹಿಡಿದು ನೀರಿನ ತೊಟ್ಟಿಗೆ ಎಳೆದಳು. "ಹುಯ್ರೋ ನೀರು!" ಎಂದಳು. ಮರುಕ್ಷಣ ಉಳಿದವರ ಕೈಕಾಲುಗಳು ತಮ್ಮ ತಮ್ಮ ಕೆಲಸಕ್ಕೆ ಹರಿದವು.

"ಬಿಡಮ್ಮಿ! ನಾಳೆಯಿಂದ ಕೆಲಸಕ್ಕೆ ಬರಬೇಡ ನೀನು!"

ಈ ಮಾತು ಅವಳ ಆಟದಲ್ಲಿ ಇರಲಿಲ್ಲ. ಅವಳ ಮನೆಯಲ್ಲಿ ದುಡಿದು ತರುವವಳು ಅವಳೊಬ್ಬಳೇ. ಆದರೂ ಹಿಡಿದ ಕೈ ಸಡಿಲಿಸಲಿಲ್ಲ.

"ಬರಲ್ಲ ಬಿಡಿ ಯಜಮಾನ್ರೇ. ಇವತ್ತಿನ ಕೆಲಸ ಮುಗಿಸಿ ಹೋಗ್ತೀನಿ" ಎಂದು ರಾಗಿ ಬೀಸುವ ಪದ ಎತ್ತಿದಳು. ದನಿ ಒಡೆಯಿತು, ಪದ ನಿಲ್ಲಲಿಲ್ಲ. ಯಜಮಾನ ಅಪ್ಪನ ಕಾಲದ ಉಂಗುರವೆಂದು ಮುಷ್ಟಿ ಬಿಗಿದ. ಇಬ್ಬರು ಸೇರಿ ಅದನ್ನೂ ಕಳಚಿದರು. ಆವತ್ತು ಓಡಿಬಂದ ಊರಿನವರು ಮೊದಲ ಬಾರಿಗೆ ಆ ಪದವನ್ನು ಕೊನೆಯವರೆಗೂ ಕೇಳಿದರು.

ಆಸ್ಪತ್ರೆಯ ವೈದ್ಯರು, "ನೀರು ಹೊಯ್ದವರು ಅರ್ಧ ಕೈ ಉಳಿಸಿದ್ದಾರೆ. ಇನ್ನರ್ಧ ಉಳಿಸುವ ಕೆಲಸ ಬಾಕಿ ಇದೆ" ಎಂದರು. ಬೆರಳಿಗೆ ವ್ಯಾಯಾಮ ಮಾಡಿಸುವ ತಾಯಿಯೊಬ್ಬರು ಯಜಮಾನನ ಹೆಂಡತಿಯನ್ನೂ ದ್ಯಾವೀರಮ್ಮನನ್ನೂ ಎದುರು ಕೂರಿಸಿಕೊಂಡು, ಅವರಿಗೆ ತಿಳಿಯುವ ಹಾಗೆ ಹೇಳಿದರು: "ವಾಸಿಯಾಗುವ ಚರ್ಮ ಆರುವ ಬೆಲ್ಲದ ಹಾಗೆ. ಯಾವ ಅಚ್ಚಿನಲ್ಲಿ ಬಿಟ್ಟರೆ ಅದರಲ್ಲೇ ಗಟ್ಟಿಯಾಗುತ್ತದೆ. ಹಾಯಾಗಿ ಮಡಿಸಿಟ್ಟರೆ ಮಡಿಸಿದ ಹಾಗೇ ಉಳಿಯುತ್ತದೆ."

ಅಲ್ಲೂ ಕೆಲಸ ಹಂಚಿಕೆಯಾಯಿತು. ಗಾಯ ಕಟ್ಟುವವರು ಒಬ್ಬರು. ಬೆರಳು ನೆಟ್ಟಗಿರಲು ಕೈಗೆ ತಕ್ಕ ಪಟ್ಟಿ ಮಾಡಿದವರು ಒಬ್ಬರು. ಮನೆಗೆ ಬಂದ ಮೇಲೆ ಹೊತ್ತು ಹೊತ್ತಿಗೆ ಬೆರಳು ಚಾಚಿಸುವುದು ದ್ಯಾವೀರಮ್ಮನ ಪಾಲು. ತುತ್ತು ಮಾಡಿ ತಿನ್ನಿಸದೆ, ಅವನ ಕೈಯಿಂದಲೇ ಉಣ್ಣಲು ಬಿಡುವುದು ಹೆಂಡತಿಯ ಪಾಲು. ಎಲ್ಲಕ್ಕಿಂತ ಕಷ್ಟದ ಕೆಲಸ ಅದೇ ಆಗಿತ್ತು.

"ಇವತ್ತೊಂದಿನ ಬಿಡಮ್ಮಿ, ನಾಳೆ ನೋಡೋಣ" ಎಂದು ಅವನು ಕಣ್ಣೀರು ಹಾಕುವನು. ಹಬ್ಬದ ವಾರ ಅವರ ಮನಸ್ಸೂ ಕರಗಿತು. ಆರು ದಿನ ಅವನ ಮಾತು ಕೇಳಿದರು. ಏಳನೆಯ ದಿನ ಎರಡು ಬೆರಳು ಬಿಡಿಸಲು ಬರಲಿಲ್ಲ. ಅವನ್ನು ಮತ್ತೆ ನೆಟ್ಟಗೆ ಮಾಡಲು ಎರಡು ತಿಂಗಳು ಬೇಕಾಯಿತು. ಆಮೇಲೆ ಅವನ ಮಾತನ್ನು ಯಾರೂ ಕೇಳಲಿಲ್ಲ. ಕೊನೆಗೆ ಬೇಡುವುದನ್ನು ಅವನೇ ಬಿಟ್ಟ. ದ್ಯಾವೀರಮ್ಮ ಬರುವ ಹೊತ್ತಿಗೆ ಕೈ ಚಾಚಿಕೊಂಡು, ರಾಗಿ ಬೀಸುವ ಪದವನ್ನು ತಾನೇ ಎತ್ತಿಕೊಡತೊಡಗಿದ.

ಮರುವರ್ಷ ಗಾಣ ಹೂಡಿದರು. ಕೊಪ್ಪರಿಗೆ ಕುದಿಯಿತು. ಯಜಮಾನ ಪಾಕದ ತೊಟ್ಟನ್ನು ನೀರಿಗೆ ಬಿಟ್ಟು, ಸುಕ್ಕುಗಟ್ಟಿದ ಬೆರಳ ನಡುವೆ ಉರುಳಿಸಿದ. ಒಂದು ಸಲ ತಿಳಿಯಲಿಲ್ಲ. ಇನ್ನೊಂದು ಸಲ ಉರುಳಿಸಿದ. ಕಣ್ಣರಳಿತು.

"ಇಳಿಸಿ" ಎಂದ.

ಯಾರೂ ಕದಲಲಿಲ್ಲ. ಅವನ ಮಾತು ಕೇಳದಿರುವುದು ಎಲ್ಲರಿಗೂ ಅಷ್ಟು ರೂಢಿಯಾಗಿಹೋಗಿತ್ತು.

ದ್ಯಾವೀರಮ್ಮ ಒಲೆಯ ಬಾಯಿಂದ ತಲೆ ಎತ್ತಿ, "ಈಗ ಕೇಳ್ರೋ!" ಎಂದಳು. ಆ ವರ್ಷದ ಮೊದಲ ಅಚ್ಚು ಬೆಲ್ಲವನ್ನು ಯಜಮಾನ ಅವಳ ಸೆರಗಿಗೆ ಹಾಕಿದ.

ಕತೆ ಮುಗಿಯಿತು. ಶಿಷ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. "ಬುದ್ಧೀ, ಊರಿಗೆಲ್ಲ ಕಲಿಸಿದ ಯಜಮಾನನೇ ಸುಣ್ಣ ಕೇಳಿದನಲ್ಲಾ!" ಎಂದ.

"ನನ್ನ ಕೈ ಬೆಂದ ದಿನ ನೀನು ನನ್ನ ಮಾತು ಮೀರಬೇಕು, ಪ್ರತಿ ಸೋಮವಾರ ಕಲಿಸುತ್ತಿರುವುದು ಅದನ್ನೇ" ಎಂದರು ಗುರುಗಳು.

ಶಿಷ್ಯ ಟವೆಲ್ಲಿನಲ್ಲಿ ಮೂಗೊರೆಸಿಕೊಂಡು, ಖಾಲಿಯಾದ ಬಿಂದಿಗೆಗೆ ನೀರು ತುಂಬಲು ಎದ್ದ.